ನಾನು ಕ್ರೈಸ್ತ ಅಂತ ಹೇಳೋಕೆ ಬಾಯಿ ಬರ್ತಿಲ್ಲವಾ?

ಭಾನುವಾರ ಚರ್ಚಿನ ಸಭೆಯಲ್ಲಿ ಮೈಕ್ ಹಿಡಿದು, ದೇವರು ನಮ್ಮ ಬದುಕಿನಲ್ಲಿ ಮಾಡಿದ್ದಕ್ಕೆ ಜೋರಾಗಿ ಸಾಕ್ಷಿ ಹೇಳ್ತೇವೆ. ಸೋಮವಾರ ಕ್ಯಾಂಟೀನಿನಲ್ಲಿ ಯಾರಾದರೂ "ನಿನ್ನೆ ಏನು ಮಾಡಿದ್ರಿ?" ಅಂದರೆ "ಏನಿಲ್ಲ, ಸುಮ್ನೆ ಮನೇಲಿದ್ದೆ" ಅಂದುಬಿಡ್ತೇವೆ. ನಮ್ಮಲ್ಲಿ ಬಹಳ ಜನರ ಕಥೆ ಇದೇ ಅಲ್ವಾ?

ಧೈರ್ಯ ಬರಲಿ, ಆಮೇಲೆ ಮಾತಾಡೋಣ ಅಂತ ಕಾಯಬೇಡಿ. ಆ ಸೋಮವಾರದ ಪ್ರಶ್ನೆಯಿಂದಲೇ ಶುರು ಮಾಡಿ. "ಚರ್ಚಿಗೆ ಹೋಗಿದ್ದೆ, ಆಮೇಲೆ ಅಕ್ಕನ ಮನೇಲಿ ಊಟ." ಇಷ್ಟೇ ಸಾಕು. ಯಾರೂ ಕೇಳದ ವಿವರಣೆ ಬೇಡ, ಕ್ಷಮೆ ಕೇಳೋ ಧಾಟಿಯೂ ಬೇಡ.

ಬೂದಿ ಬುಧವಾರ ಇನ್ನೂ ಒಳ್ಳೆ ಅವಕಾಶ. ಬೆಳಗ್ಗೆ ಚರ್ಚಿನ ಪೂಜೆಗೆ ಹೋಗಿ ಹಣೆಗೆ ಬೂದಿ ಹಾಕಿಸಿಕೊಂಡು, ಆಫೀಸಿನ ಗೇಟ್ ಹತ್ತಿರ ಬರುತ್ತಿದ್ದ ಹಾಗೆ ಕರ್ಚೀಫಿನಿಂದ ಒರೆಸಿಕೊಳ್ಳುವವರಿದ್ದಾರೆ. ಒರೆಸಬೇಡಿ. "ಹಣೆಗೆ ಏನೋ ಹತ್ತಿದೆ ನೋಡಿ" ಅಂತ ಯಾರಾದರೂ ಹೇಳೇ ಹೇಳ್ತಾರೆ. ಆಗ ಹೇಳಿ: ಹೋದ ವರ್ಷ ಈಸ್ಟರ್‌ಗೆ ಒಂದು ವಾರ ಮುಂಚೆ, ಗರಿಗಳ ಭಾನುವಾರ ಹಿಡಿದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಇದು, ಇವತ್ತಿನಿಂದ ಈಸ್ಟರ್ ತನಕ, ಭಾನುವಾರಗಳನ್ನು ಬಿಟ್ಟು 40 ದಿನ, ನಮಗೆ ಉಪವಾಸದ ಕಾಲ. ವಿಭೂತಿ, ಉಪವಾಸ ಗೊತ್ತಿಲ್ಲದ ಮನೆ ನಮ್ಮ ಕಡೆ ಯಾವುದಿದೆ? ಎದುರಿನವರು ತಾವೇ ಇನ್ನೆರಡು ಪ್ರಶ್ನೆ ಕೇಳ್ತಾರೆ.

ಆದರೆ ಅಲ್ಲಿ ಚರ್ಚಿನ ಪ್ರಸಂಗದ ಕನ್ನಡ ತರಬೇಡಿ. ಸತ್ಯವೇದ (ಬೈಬಲ್) ಒಮ್ಮೆಯೂ ತೆರೆದು ನೋಡದವರಿಗೆ "ಕುರಿಮರಿಯ ರಕ್ತದಿಂದ ತೊಳೆಯಲ್ಪಟ್ಟೆ" ಅಂದರೆ ಪಾಪ, ಅವರು ಏನಂತ ತಿಳ್ಕೋಬೇಕು? ನಿಮ್ಮ ಬದುಕಿನಲ್ಲಿ ಆಗಿದ್ದನ್ನು ಹೇಳಿ. "ಅಪ್ಪ ಐಸಿಯುನಲ್ಲಿದ್ದಾಗ ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದೆ. ಅಪ್ಪ ಉಳಿಯಲಿಲ್ಲ. ಆದರೂ ದೇವರು ಕೈಬಿಟ್ಟ ಅಂತ ಅನ್ನಿಸಲಿಲ್ಲ." ನನ್ನ ಪ್ರಕಾರ ಹತ್ತು ಅದ್ಭುತದ ಕಥೆಗಿಂತ ಇಂಥ ಮಾತಿಗೆ ತೂಕ ಜಾಸ್ತಿ. ಮೊದಲು ಫೋನಿನಲ್ಲಿ ಬರೆದಿಟ್ಟುಕೊಂಡು ಒಬ್ಬರೇ ಇದ್ದಾಗ ಗಟ್ಟಿಯಾಗಿ ಓದಿ. ಎರಡು ನಿಮಿಷ ದಾಟಿದರೆ ಕತ್ತರಿಸಿ.

ಆಯುಧ ಪೂಜೆ ದಿನ ಪ್ರಸಾದದ ತಟ್ಟೆ ಬರುತ್ತೆ ಅಂತ ಬಾತ್‌ರೂಮಿನಲ್ಲಿ ಅಡಗಿಕೊಳ್ಳಬೇಡಿ. ತಗೊಳ್ಳೋದು ಬಿಡೋದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟಿದ್ದು, ನಮ್ಮ ನಮ್ಮಲ್ಲೇ ಅದರಲ್ಲಿ ಭೇದವಿದೆ. ತಗೊಳ್ಳಲ್ಲ ಅಂದರೆ ನಗುತ್ತಲೇ "ದೇವರ ಮುಂದೆ ಇಟ್ಟಿದ್ದನ್ನು ನಾನು ತಿನ್ನಲ್ಲ ಸಾರ್, ಬೇಜಾರು ಮಾಡ್ಕೋಬೇಡಿ" ಅಂತ ಹೇಳಿ, ಎಲ್ಲರ ಜೊತೆ ಕೂತು ಮಾತಾಡಿ ಬನ್ನಿ.

ಈಗ ನಿಜವಾದ ಹೆದರಿಕೆ: "ಮತಾಂತರ ಮಾಡ್ತಿದ್ದೀರಾ?" 2022ರಲ್ಲಿ ಕರ್ನಾಟಕದ ಮತಾಂತರ ತಡೆ ಕಾಯ್ದೆ ಬಂದಾಗಿನಿಂದ ಈ ಪ್ರಶ್ನೆ ಕೇಳಿದರೇ ಎದೆ ಧಸಕ್ಕೆನ್ನುತ್ತೆ. ಸ್ವಲ್ಪ ತಿಳಿದುಕೊಂಡಿರಿ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಹಾಗಾಗಿ ನಂಬಿಕೆಯ ಮಾತಿನ ಜೊತೆ ದುಡ್ಡು, ಕೆಲಸ, ಸ್ಕೂಲ್ ಸೀಟಿನ ಆಮಿಷದ ಮಾತು ಸೇರಿಸಲೇಬೇಡಿ. ಕಾನೂನು ಹಾಗಿರಲಿ, ಅದು ನಾಚಿಕೆಗೇಡು ಕೂಡ. ಹೆದರಿಕೆ ನಮಗೊಬ್ಬರಿಗೇ ಅಲ್ಲ: ಯೇಸುವನ್ನು ಹಿಡಿದ ರಾತ್ರಿ, ಅಂಗಳದಲ್ಲಿ ಒಬ್ಬ ಕೆಲಸದ ಹುಡುಗಿ ಕೇಳಿದ್ದಕ್ಕೇ "ಅವನನ್ನು ನಾನರಿಯೆ" ಅಂದ ಶಿಷ್ಯ ಪೇತ್ರನೇ ಆಮೇಲೆ ಅದೇ ಯೆರೂಸಲೇಮಿನಲ್ಲಿ ಅಧಿಕಾರಿಗಳ ಮುಂದೆ ನಿಂತ. ಬೈಬಲಿನ ಅಪೊಸ್ತಲರ ಕೃತ್ಯಗಳು 4ನೇ ಅಧ್ಯಾಯ ಓದಿ. ಬೆದರಿಕೆ ಬಂದಾಗ ಪೇತ್ರ ಮತ್ತು ಅವನ ಜೊತೆಯವರು ಒಟ್ಟಿಗೆ ಕೂಡಿ ಬೇಡಿಕೊಂಡದ್ದು ಧೈರ್ಯವನ್ನು. ನೀವೂ ಒಬ್ಬರೇ ಒದ್ದಾಡುವ ಬದಲು ಸಭೆಯಲ್ಲಿ ಇಬ್ಬರು ಮೂವರಿಗೆ ವಿಷಯ ಹೇಳಿ, ಅವರ ಜೊತೆ ಪ್ರಾರ್ಥನೆ ಮಾಡಿ.

ಮನೆಯಲ್ಲಿ ನೀವೊಬ್ಬರೇ ನಂಬಿದವರಾದರೆ ಕಷ್ಟ ಬೇರೆ ಥರ. ಹಬ್ಬದ ದಿನ ಎಲ್ಲರೆದುರು ಘೋಷಣೆ ಮಾಡಬೇಡಿ, ಫ್ಯಾಮಿಲಿ ಗ್ರೂಪಿನಲ್ಲಂತೂ ಖಂಡಿತ ಬೇಡ. ಮೊದಲು ಅಮ್ಮನಿಗೆ, ಅಡುಗೆಮನೆಯಲ್ಲಿ ಅವರೊಬ್ಬರೇ ಇದ್ದಾಗ ಹೇಳಿ. ಅತ್ತರೆ ಬೈಬಲ್ ವಾಕ್ಯ ತೋರಿಸೋಕೆ ಹೋಗದೆ ಸುಮ್ಮನೆ ಪಕ್ಕದಲ್ಲಿರಿ. ಮುಂದಿನ ಹಬ್ಬಕ್ಕೂ ಮನೆಗೆ ಹೋಗಿ. ಪೂಜೆಗೆ ಕೂರದಿದ್ದರೂ ಪರವಾಗಿಲ್ಲ, ಬಂದವರಿಗೆ ಎಲೆ ಹಾಕಿ ಬಡಿಸೋ ಕೆಲಸ ನೀವೇ ವಹಿಸಿಕೊಳ್ಳಿ.