ಬಲಗೆನ್ನೆಗೆ ವಯಸ್ಸು ಜಾಸ್ತಿ

ಮಗಳ ಮದುವೆ ಆಲ್ಬಂ ಬಂದಾಗ ಗೊತ್ತಾಯಿತು. ಎಡಗಡೆಯಿಂದ ತೆಗೆದ ಫೋಟೋದಲ್ಲಿ ನಾನು ನನ್ನ ತಮ್ಮನ ಹಾಗಿದ್ದೆ. ಬಲಗಡೆಯಿಂದ ತೆಗೆದದ್ದರಲ್ಲಿ ನಮ್ಮಪ್ಪನೇ ಬಂದು ನಿಂತಿದ್ದರು. ಬಲಗೆನ್ನೆ ಕಪ್ಪು, ಕಣ್ಣಿನ ಪಕ್ಕ ಗೆರೆ, ಕಿವಿ ಹತ್ತಿರ ಕಂದು ಮಚ್ಚೆ.

ನನಗೀಗ 54. 23 ವರ್ಷದಿಂದ ಹುಬ್ಬಳ್ಳಿ–ಬೆಂಗಳೂರು ಟ್ಯಾಕ್ಸಿ ಓಡಿಸುತ್ತೇನೆ. ಲೆಕ್ಕ ಹಾಕಿ ನೋಡಿದೆ. ಬೆಳಿಗ್ಗೆ ಬೆಂಗಳೂರಿಂದ ಹೊರಟರೆ ಬಿಸಿಲು ನನ್ನ ಬಲಕ್ಕೆ. ಮಧ್ಯಾಹ್ನ ಊಟ ಮಾಡಿ ಹುಬ್ಬಳ್ಳಿಯಿಂದ ಹೊರಟರೂ ಬಲಕ್ಕೇ! ಹೆಚ್ಚು ಕಡಿಮೆ ನನ್ನ ಬಾಡಿಗೆಯೆಲ್ಲ ಇದೇ ಹೊತ್ತಿನದು.

ಗಾಜು ಏರಿಸಿದ್ದೀನಲ್ಲ, ಎಸಿ ಇದೆಯಲ್ಲ ಎಂದುಕೊಂಡಿದ್ದೆ. ಚರ್ಮದ ಡಾಕ್ಟರು ಬಿಡಿಸಿ ಹೇಳಿದರು. ಚರ್ಮ ಸುಡುವ ಯುವಿಬಿ ಕಿರಣವನ್ನು ಗಾಜು ತಡೆಯುತ್ತದೆ. ಒಳಗಿಳಿದು ಸುಕ್ಕು ತರುವ ಯುವಿಎ ಮಾತ್ರ ಪಕ್ಕದ ಗಾಜಿನಿಂದ ಬಹಳಷ್ಟು ಒಳಗೆ ಬರುತ್ತದೆ. ಮುಂದಿನ ಗಾಜು ಎರಡು ಪದರದ್ದು, ಅದು ಪರವಾಗಿಲ್ಲ. ಅಮೆರಿಕದಲ್ಲಿ 28 ವರ್ಷ ಟ್ರಕ್ ಓಡಿಸಿದ ಒಬ್ಬನ ಫೋಟೋ 2012ರಲ್ಲಿ ವೈದ್ಯರ ಪತ್ರಿಕೆಯಲ್ಲಿ ಬಂದಿತ್ತಂತೆ, ಅದನ್ನೂ ತೋರಿಸಿದರು. ಅಲ್ಲಿ ಸ್ಟೀರಿಂಗ್ ಎಡಕ್ಕೆ. ಅವನ ಎಡಗೆನ್ನೆ ಜೋತುಬಿದ್ದು, ಉತ್ತ ಹೊಲದ ಹಾಗಿತ್ತು. ಕಪ್ಪು ಫಿಲ್ಮ್ ಅಂಟಿಸೋಣ ಅಂದರೆ ಅದನ್ನೂ ಸುಪ್ರೀಂ ಕೋರ್ಟ್ 2012ರಲ್ಲೇ ಬೇಡ ಎಂದಿದೆ.

ಹಾಗಾಗಿ ಸನ್‌ಸ್ಕ್ರೀನ್. ಹೆಂಗಸರ ಸಾಮಾನು ಎಂದು ಸ್ಟ್ಯಾಂಡಿನಲ್ಲಿ ನಕ್ಕರು, ನಗಲಿ. ಎಸ್‌ಪಿಎಫ್ 30 ಸಾಕು. ಅದು ಯುವಿಬಿಯನ್ನು ಸುಮಾರು 97% ತಡೆಯುತ್ತದೆ, 50ರದ್ದು 98%. ಆ ಒಂದಕ್ಕೆ ಯಾಕೆ ಜಾಸ್ತಿ ದುಡ್ಡು? ನೋಡಬೇಕಾದ್ದು ಎಸ್‌ಪಿಎಫ್ ಒಂದನ್ನೇ ಅಲ್ಲ. ಟ್ಯೂಬ್ ಮೇಲೆ ‘ಪಿಎ’ ಅಂತ ಇದ್ದು ಮುಂದೆ ಮೂರು ಪ್ಲಸ್ ಇರಬೇಕು, ಯುವಿಎಗೆ ಅದೇ ಗುರುತು. ಬಿಳಿ ಬಳಿದ ಹಾಗೆ ಕಾಣುತ್ತದೆ ಎನ್ನುವವರು ಜೆಲ್ ತಗೊಳ್ಳಿ.

ಎಷ್ಟು ಹಚ್ಚಬೇಕು? ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು, ಮುಖಕ್ಕೂ ಕತ್ತಿಗೂ ಸೇರಿ. ನಾನು ಮೊದಲು ಕಡಲೆ ಕಾಳಿನಷ್ಟು ಹಚ್ಚಿ ‘ಏನೂ ಉಪಯೋಗ ಇಲ್ಲ’ ಎಂದು ಬೈಯುತ್ತಿದ್ದೆ. ಕಿವಿ ಮರೆಯಬೇಡಿ. ಹೊರಡುವ 20 ನಿಮಿಷ ಮೊದಲು ಹಚ್ಚಿ, ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ನನಗೆ ದಾವಣಗೆರೆ ಒಂದು ನಿಲ್ದಾಣ, ಹಿರಿಯೂರು ಇನ್ನೊಂದು. ಕೈಗೆ ಕ್ರೀಮ್ ಹಚ್ಚುವುದಿಲ್ಲ, ಸ್ಟೀರಿಂಗ್ ಜಾರುತ್ತದೆ. ಉದ್ದ ತೋಳಿನ ಹತ್ತಿ ಅಂಗಿ ಹಾಕುತ್ತೇನೆ.

ಇನ್ನು ಸ್ನಾನ. ಕುದಿಯುವ ನೀರು, ಮೈತುಂಬ ಸೋಪು, ತೆಂಗಿನ ನಾರಿನಲ್ಲಿ ಉಜ್ಜುವುದು, ಮೂರನ್ನೂ ಬಿಟ್ಟೆ. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಸಾಕು. ಮೈ ಇನ್ನೂ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿದರೆ ಒಳಗಿನ ನೀರು ಆರುವುದಿಲ್ಲ. ಒಣಗಿದ ಮೇಲೆ ಹಚ್ಚಿದರೆ ಸುಮ್ನೆ ಜಿಡ್ಡು. ಮೊಡವೆ ಬರುವವರು ಮುಖಕ್ಕೆ ಎಣ್ಣೆ ಬೇಡ. ನಿಂಬೆಹಣ್ಣು ಉಜ್ಜಿಕೊಂಡು ಬಿಸಿಲಿಗೆ ಹೋಗುವುದಂತೂ ಬೇಡವೇ ಬೇಡ, ಚರ್ಮ ಸುಟ್ಟು ಕಪ್ಪಾಗುತ್ತದೆ. ಬೀಡಿ, ಸಿಗರೇಟು ಸುಕ್ಕಿಗೆ ಬಿಸಿಲಿನ ಅಣ್ಣತಮ್ಮ. ನಾನು ಬಿಟ್ಟು ಆರು ವರ್ಷವಾಯಿತು.

ನಮ್ಮ ಸ್ಟ್ಯಾಂಡಿನ ಹುಡುಗನೊಬ್ಬ ಮದುವೆಗೆ ಮುಂಚೆ ಬೆಳ್ಳಗಾಗಲು ಔಷಧಿ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ತಂದ. ಹದಿನೈದೇ ದಿನಕ್ಕೆ ಮುಖ ಹೊಳೆಯಿತು. ಮೂರು ತಿಂಗಳಿಗೆ ಚರ್ಮ ತೆಳುವಾಗಿ ಕೆಂಪಾಯಿತು, ಗುಳ್ಳೆ ಎದ್ದವು. ಬಿಟ್ಟರೆ ಉರಿ, ಹಚ್ಚಿದರೆ ಸಮಾಧಾನ. ಅದರಲ್ಲಿ ಇದ್ದದ್ದು ಸ್ಟಿರಾಯ್ಡ್. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಈ ಹೆಸರು ಟ್ಯೂಬಿನ ಮೇಲೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಮುಖಕ್ಕೆ ಹಚ್ಚಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಬಿಡುವ ದಾರಿಯನ್ನೂ ಅವರ ಹತ್ತಿರವೇ ಕೇಳಿ.

ನನ್ನ ಮಚ್ಚೆ ಸ್ವಲ್ಪ ತಿಳಿಯಾಗಿದೆ. ಗೆರೆ ಹಾಗೇ ಇದೆ, ಅದು ಹೋಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಅವತ್ತು ಅವರು ಗೆನ್ನೆಗಿಂತ ಕತ್ತನ್ನು ಜಾಸ್ತಿ ಹೊತ್ತು ನೋಡಿದರು. ಹಿಂಗತ್ತಿನಲ್ಲಿ ಮಖಮಲ್ಲಿನ ಹಾಗೆ ದಪ್ಪ ಕಪ್ಪು. ಕೊಳೆ ಎಂದು ಎರಡು ವರ್ಷ ಕಲ್ಲಿನಲ್ಲಿ ಉಜ್ಜಿದ್ದೆ. ‘ರಕ್ತ ಪರೀಕ್ಷೆ ಮಾಡಿಸಿ’ ಎಂದರು. ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ಶುರುವಾಯಿತು, ಸಂಜೆ ನಡೆಯುವುದು ಶುರುವಾಯಿತು. ಹಿರಿಯೂರಿನ ಹೋಟೆಲಿನವನು ಈಗ ಕೇಳದೆಯೇ ಸಪ್ಪೆ ಚಹಾ ಕೊಡುತ್ತಾನೆ. ಕತ್ತಿನ ಕಪ್ಪು ಅರ್ಧಕ್ಕೆ ಇಳಿದಿದೆ.