ನದಿಗೆ ಕಂಪನಿಯ ಹಣ: ಎಲ್ಲಿ ಹಾಕಬೇಕು, ಯಾರ ಜೊತೆ ಸೇರಬೇಕು?

ಫೆಬ್ರುವರಿ ಬಂತೆಂದರೆ ಬೆಂಗಳೂರಿನ ಕಂಪನಿಗಳಿಗೆ ಪರಿಸರ ಸಂಸ್ಥೆಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುತ್ತದೆ. ಮಾರ್ಚ್ 31ರೊಳಗೆ ಸಿಎಸ್‌ಆರ್ ಹಣ (ಸಾಮಾಜಿಕ ಹೊಣೆಗಾರಿಕೆಗೆಂದು ಕಂಪನಿ ತೆಗೆದಿಡುವ ಹಣ) ಖರ್ಚಾಗಬೇಕು, ‘ನದಿಗೆ ಏನಾದರೂ ಮಾಡೋಣ’ ಎಂಬ ಕರೆ ಬರುತ್ತದೆ. ಭಾನುವಾರ ಬೆಳಿಗ್ಗೆ ಒಂದಿಷ್ಟು ಸಸಿ ನೆಟ್ಟು, ಒಂದೇ ಬಣ್ಣದ ಟೀ ಶರ್ಟಿನಲ್ಲಿ ಫೋಟೊ ತೆಗೆಸಿಕೊಂಡು, ಫಲಕ ಹಾಕಿ ಬರುತ್ತಾರೆ. ಮುಂದಿನ ಬೇಸಿಗೆಗೆ ಉಳಿಯುವುದು ಫಲಕವೊಂದೇ. ಅದೇ ಹಣದಲ್ಲಿ ನದಿಗೆ ನಿಜಕ್ಕೂ ಉಪಯೋಗವಾಗುವ ಕೆಲಸ ಮಾಡಬಹುದು. ಮಧ್ಯಮ ಗಾತ್ರದ ಕಂಪನಿಯೋ ಕೈಗಾರಿಕಾ ಪ್ರದೇಶದ ಸಂಘವೋ ಹಿಡಿಯಬಹುದಾದ ದಾರಿ ಇಲ್ಲಿದೆ.

ಮೊದಲು ನಿಮ್ಮ ನೀರಿನ ಹಿಂದೆ ನಡೆಯಿರಿ

ಬೆಂಗಳೂರು ದಿಣ್ಣೆಯ ಮೇಲಿನ ಊರು. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿ ಸೇರಿ, ಅರ್ಕಾವತಿಗೆ ಕೂಡಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಇಳಿದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡಿಗೆ ಸಾಗುತ್ತದೆ. ನಿಮ್ಮ ಕಾರ್ಖಾನೆ ಪೀಣ್ಯದಲ್ಲಿದ್ದರೆ ನಿಮ್ಮ ನದಿ ವೃಷಭಾವತಿ, ವೈಟ್‌ಫೀಲ್ಡ್‌ನಲ್ಲಿದ್ದರೆ ಪಿನಾಕಿನಿ. ನಂದಿಬೆಟ್ಟದ ಬುಡದಲ್ಲಿ ಫೋಟೊ ಚೆನ್ನಾಗಿ ಬರುತ್ತದೆ ಎಂಬ ಕಾರಣಕ್ಕೆ ಅರ್ಕಾವತಿಯ ಮೂಲಕ್ಕೆ ಓಡಬೇಡಿ.

ಕಾರ್ಖಾನೆಯ ಹಿಂದಿನ ಚರಂಡಿಯಿಂದ ಹೊರಟು ರಾಜಕಾಲುವೆಯ ಗುಂಟ ಕೆಲವು ಕಿಲೋಮೀಟರ್ ನಡೆಯಿರಿ. ಯಾವ ಪೈಪು ಎಲ್ಲಿ ಬಂದು ಸೇರುತ್ತದೆ, ನೀರಿನ ಬಣ್ಣ ಎಲ್ಲಿ ಬದಲಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ವೃಷಭಾವತಿಯಾದರೆ ಬಿಡದಿ ಸಮೀಪದ ಬೈರಮಂಗಲ ಕೆರೆಯವರೆಗೂ ಹೋಗಿ ಬನ್ನಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಜನ ನಂಬುವ ಹೊಳೆ ಅಲ್ಲಿ ತಲುಪುವಷ್ಟರಲ್ಲಿ ಏನಾಗಿದೆ, ಅದೇ ನೀರಿನಲ್ಲಿ ರೈತರು ಏನು ಬೆಳೆಯುತ್ತಿದ್ದಾರೆ ಎಂಬುದನ್ನು ಆಡಳಿತ ಮಂಡಳಿಯವರು ಕಣ್ಣಾರೆ ನೋಡಲಿ. ಯಾವ ಸಲಹೆಗಾರರ ವರದಿಯೂ ಇಷ್ಟು ಬೇಗ ಮನಸ್ಸಿಗೆ ನಾಟುವುದಿಲ್ಲ.

ನಿಮ್ಮ ಪೈಪು ಮೊದಲು, ನದಿ ಆಮೇಲೆ

ನಿಮ್ಮ ತ್ಯಾಜ್ಯನೀರನ್ನು ಶುದ್ಧಗೊಳಿಸುವುದು ದಾನವಲ್ಲ, 1974ರ ಜಲ ಕಾಯ್ದೆಯಡಿ ನಿಮ್ಮ ಹೊಣೆ. ಸಾಮಾನ್ಯ ವ್ಯವಹಾರದ ಭಾಗವಾಗಿ ಮಾಡುವ ಕೆಲಸವನ್ನು ಸಿಎಸ್‌ಆರ್ ಲೆಕ್ಕಕ್ಕೆ ತರಲು ನಿಯಮಗಳೂ ಬಿಡುವುದಿಲ್ಲ. ಆದ್ದರಿಂದ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರದ ಷರತ್ತುಗಳನ್ನು ಮುಂದಿಟ್ಟುಕೊಂಡು ನಿಮ್ಮ ಘಟಕವನ್ನು ಹೊರಗಿನವರಿಂದ ಪರೀಕ್ಷೆ ಮಾಡಿಸಿ.

ಸಂಘಗಳಿಗೆ ಇದು ಇನ್ನೂ ಕಷ್ಟದ ಮಾತು. ಎಲೆಕ್ಟ್ರೋಪ್ಲೇಟಿಂಗ್ ಮಾಡುವ ಸಣ್ಣ ಘಟಕಗಳಿಗೆ ಕ್ರೋಮಿಯಂ, ನಿಕ್ಕಲ್ ತುಂಬಿದ ನೀರನ್ನು ಒಂಟಿಯಾಗಿ ಶುದ್ಧಗೊಳಿಸುವ ಶಕ್ತಿ ಇರುವುದಿಲ್ಲ. ರಾತ್ರಿ ಟ್ಯಾಂಕರಿಗೆ ತುಂಬಿಸಿ ಕಳಿಸುವುದು ಅಗ್ಗವಾಗುತ್ತದೆ. ಸದಸ್ಯರ ನೀರೆಲ್ಲ ಸಾಮೂಹಿಕ ಶುದ್ಧೀಕರಣ ಘಟಕಕ್ಕೆ ಹೋಗುವಂತೆ ಮಾಡಿದ ಸಂಘ ನದಿಗೆ ಅರ್ಧ ಉಪಕಾರ ಮಾಡಿದಂತೆಯೇ. ಅದನ್ನು ಮಾಡದೆ ದಡದಲ್ಲಿ ಹೊಂಗೆ ನೆಡುವ ಸಂಘದ ಬಗ್ಗೆ ನನಗೆ ಗೌರವವಿಲ್ಲ.

ಕಾಯಿಲೆ ಯಾವುದೆಂದು ತಿಳಿಯಿರಿ

ಹೆಚ್ಚಿನ ಯೋಜನೆಗಳು ಇಲ್ಲೇ ಎಡವುತ್ತವೆ. ನಮ್ಮ ಸುತ್ತಲಿನ ಹೊಳೆಗಳಿಗೆ ಎರಡು ಬೇರೆ ಬೇರೆ ರೋಗಗಳಿವೆ, ಮದ್ದೂ ಬೇರೆ ಬೇರೆ.

ವೃಷಭಾವತಿಗೆ ನೀರಿನ ಕೊರತೆಯಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ಕಾವೇರಿ, ಮನೆಗಳಲ್ಲಿ ಬಳಕೆಯಾಗಿ, ಕೊಳಚೆಯಾಗಿ ಅದರಲ್ಲಿ ವರ್ಷವಿಡೀ ಹರಿಯುತ್ತದೆ. ಇಲ್ಲಿ ಮಾಡಬೇಕಾದದ್ದು ರಾಜಕಾಲುವೆಗೆ ಸೋರುವ ಒಳಚರಂಡಿಯನ್ನು ಪತ್ತೆಹಚ್ಚಿ ಮುಚ್ಚಿಸುವುದು, ಸಂಸ್ಕರಣಾ ಘಟಕಕ್ಕೆ ಸೇರಿಸುವುದು, ಸಂಸ್ಕರಿಸಿದ ನೀರನ್ನು ಜೊಂಡು ಬೆಳೆದ ಜೌಗಿನಲ್ಲಿ ಹಾಯಿಸಿ ಇನ್ನಷ್ಟು ತಿಳಿಗೊಳಿಸುವುದು. ಹೀಗೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಜಕ್ಕೂರು ಕೆರೆ ನೋಡಿ: ಜಲಮಂಡಳಿಯ ಘಟಕದಿಂದ ಬಂದ ನೀರು ಜೌಗನ್ನು ಹಾದು ಕೆರೆ ಸೇರುತ್ತದೆ, ಸ್ಥಳೀಯರ ‘ಜಲಪೋಷಣ್’ ಟ್ರಸ್ಟ್ ಅದರ ಮೇಲೆ ಕಣ್ಣಿಟ್ಟಿದೆ.

ಅರ್ಕಾವತಿಯ ಮೇಲ್ದಂಡೆಯ ಕಥೆ ತದ್ವಿರುದ್ಧ. ಹೆಸರಘಟ್ಟದಿಂದ 1890ರ ದಶಕದಲ್ಲೇ ಊರಿಗೆ ನೀರು ಕೊಟ್ಟ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವನ್ನು ತುಂಬಿಸಿದ ನದಿ ಒಣಗಿದ್ದೇಕೆ? ಮಳೆ ಕಡಿಮೆಯಾಯಿತು ಎಂಬುದು ಸುಲಭದ ಉತ್ತರ. ಜಕ್ಕೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಒಂದೊಂದೇ ಕಾರಣವನ್ನು ತೂಗಿ ನೋಡಿ, 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆರಳು ತೋರಿದ್ದು ಮಳೆಯ ಕಡೆಗಲ್ಲ. ಮಿತಿಮೀರಿದ ಬೋರ್‌ವೆಲ್‌ಗಳು, ಹಬ್ಬಿದ ನೀಲಗಿರಿ ತೋಪುಗಳು, ಹಳ್ಳಗಳಿಗೆ ಅಡ್ಡವಾದ ಕಟ್ಟೆಗಳ ಕಡೆಗೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಹಾಗಿರುವಾಗ ಆ ಭಾಗದಲ್ಲಿ ಕಂಡಕಂಡಲ್ಲಿ ಚೆಕ್ ಡ್ಯಾಂ ಕಟ್ಟಿಸಿ ‘ನದಿ ಉಳಿಸಿದೆವು’ ಎನ್ನುವುದು ಕೆಳಗಿನವರ ನೀರನ್ನು ಮೇಲಿನವರಿಗೆ ಕೊಟ್ಟಂತಾದೀತು. ರೈತರು ನೀಲಗಿರಿ ಕಿತ್ತು ಬೇರೆ ಬೆಳೆಗೆ ಬರುವಾಗ ಆಗುವ ನಷ್ಟಕ್ಕೆ ನೆರವಾಗುವುದು, ಪೋಷಕ ಕಾಲುವೆಗಳನ್ನು ಬಿಡಿಸುವುದು, ಇಂಗುಬಾವಿ ತೋಡಿಸುವುದು ಮೇಲು. ಬಾವಿ ತೋಡುವ ಮಣ್ಣು ವಡ್ಡರು ಈ ಸೀಮೆಯಲ್ಲಿ ಈಗಲೂ ಇದ್ದಾರೆ. ನೆಲದ ಯಾವ ಪದರದಲ್ಲಿ ನೀರು ಇಂಗುತ್ತದೆ ಎಂದು ಕೇಳಬೇಕಾದದ್ದು ಅವರನ್ನೇ.

ಜೊತೆಗಾರರನ್ನು ಮೇ ತಿಂಗಳಲ್ಲಿ ಆರಿಸಿ

ಕಚೇರಿಯಲ್ಲಿ ಸ್ಲೈಡ್ ನೋಡಿ ತೀರ್ಮಾನಿಸಬೇಡಿ. ಸಂಸ್ಥೆ ಎರಡು ಮೂರು ವರ್ಷದ ಹಿಂದೆ ಮುಗಿಸಿದ ಕೆಲಸವನ್ನು ಕಡು ಬೇಸಿಗೆಯಲ್ಲಿ ಹೋಗಿ ನೋಡಿ. ಯಾವುದು ಕೈಕೊಟ್ಟಿತು ಎಂದು ಕೇಳಿ. ‘ಎಲ್ಲವೂ ಯಶಸ್ವಿ’ ಎಂದರೆ ಬೇರೆಯವರನ್ನು ಹುಡುಕಿ. ಸಿಎಸ್‌ಆರ್ ಹಣ ಪಡೆಯಲು ಬೇಕಾದ ‘ಸಿಎಸ್‌ಆರ್-1’ ನೋಂದಣಿ ಸಂಸ್ಥೆಗೆ ಇರಲೇಬೇಕು. ಆನೇಕಲ್ ಕಡೆಯ ಕ್ಯಾಲಸನಹಳ್ಳಿ ಕೆರೆಯಲ್ಲಿ 2017ರಲ್ಲಿ ಸಂಸೆರಾ ಕಂಪನಿಯ ಹಣದಿಂದ ನಡೆದ ಹೂಳೆತ್ತುವ ಕೆಲಸದ ಹಿಂದೆ ಅದೇ ಕಂಪನಿಯ ಎಂಜಿನಿಯರ್ ಆಗಿದ್ದ ಆನಂದ್ ಮಲ್ಲಿಗವಾಡ್ ಇದ್ದರು. ಹಣ ಕೊಡುವವರ ಕಡೆಯೇ ಕೆಸರಿಗಿಳಿಯುವ ಒಬ್ಬರಿದ್ದರೆ ಕೆಲಸದ ಗತಿಯೇ ಬೇರೆ.

ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ: ಆಡಳಿತ ವೆಚ್ಚದ ಶೇ 5ರ ಮಿತಿಯನ್ನು ಸಂಸ್ಥೆಯ ತಲೆಗೆ ಕಟ್ಟುವುದು. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಯೋಜನೆ ರೂಪಿಸುವ, ನಡೆಸುವ, ಮೇಲ್ವಿಚಾರಣೆ ಮಾಡುವ ಖರ್ಚು ಅದರಲ್ಲಿ ಸೇರುವುದಿಲ್ಲ. ಜಲತಜ್ಞರಿಗೆ ಸಂಬಳ ಕೊಡದೆ ಜೆಸಿಬಿ ಬಾಡಿಗೆ ಮಾತ್ರ ಕೊಟ್ಟರೆ ನಿಮಗೆ ಸಿಗುವುದು ಒಂದು ಗುಂಡಿ.

ಅನುಮತಿ

ನದಿಪಾತ್ರ ಸರ್ಕಾರದ್ದು. ರಾಜಕಾಲುವೆಗೆ ನಗರಪಾಲಿಕೆ, ಒಳಚರಂಡಿಗೆ ಜಲಮಂಡಳಿ, ಹೊರವಲಯದ ಕೆರೆಗಳಿಗೆ ಸಣ್ಣ ನೀರಾವರಿ ಇಲಾಖೆ ಅಥವಾ ಪಂಚಾಯಿತಿ, ಗಡಿ ಗುರುತಿಸಲು ಕಂದಾಯ ಇಲಾಖೆಯ ಸರ್ವೆ. ಒಂದು ಪತ್ರಕ್ಕೆ ಆರು ಮೇಜು ಎಂದುಕೊಂಡೇ ಹೊರಡಿ. ಕಟ್ಟಿದ ಆಸ್ತಿಯನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ. ಅದು ಸಾರ್ವಜನಿಕ ಪ್ರಾಧಿಕಾರ, ಫಲಾನುಭವಿಗಳು ಅಥವಾ ನೋಂದಾಯಿತ ಸಂಸ್ಥೆಯ ಹೆಸರಿನಲ್ಲಿರಬೇಕು. ಬೇಲಿ, ಟಿಕೆಟ್, ದೋಣಿವಿಹಾರದ ಆಸೆಯೂ ಬೇಡ. ಹಿಂದೆ ಹೆಬ್ಬಾಳ, ನಾಗವಾರ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟ ವಿಚಾರ ಹೈಕೋರ್ಟ್ ಮೆಟ್ಟಿಲೇರಿದ್ದು ನೆನಪಿರಲಿ. ದನ ಮೇಯಿಸುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು ಒಡಂಬಡಿಕೆಗೆ ಮುಂಚೆ ನಡೆಯುವ ಸಭೆಯಲ್ಲೇ ಇರಲಿ.

ಹಣವನ್ನು ವರ್ಷಗಳಿಗೆ ಹಂಚಿ

ಮಾರ್ಚ್ ಧಾವಂತ ಬೇಕಾಗಿಯೇ ಇಲ್ಲ. ‘ಮುಂದುವರಿಯುವ ಯೋಜನೆ’ ಎಂದು ಕಂಪನಿಯ ಆಡಳಿತ ಮಂಡಳಿ ಒಪ್ಪಿದರೆ, ಆರಂಭದ ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷ ಖರ್ಚು ಮಾಡಬಹುದು. ಉಳಿದ ಹಣವನ್ನು ಆರ್ಥಿಕ ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ಹಾಕಿದರಾಯಿತು. ಹೂಳೆತ್ತಲು ಕೊಡುವವರು ಬೇಕಾದಷ್ಟು ಜನ. ಕಸ ತಡೆಯುವ ಜಾಲರಿ ಶುಚಿ ಮಾಡುವ ಕೂಲಿ, ಪಂಪಿನ ಕರೆಂಟ್ ಬಿಲ್, ಕಾವಲುಗಾರರ ಸಂಬಳಕ್ಕೆ ಯಾರೂ ಇಲ್ಲ. ಇವನ್ನು ಮೊದಲೇ ಒಡಂಬಡಿಕೆಯಲ್ಲಿ ಬರೆಯಿರಿ. ಈಕ್ವೆಡಾರ್‌ನ ಕೀಟೊ ನಗರದಲ್ಲಿ 2000ದಲ್ಲಿ ಜಲನಿಧಿಯೊಂದನ್ನು ಸ್ಥಾಪಿಸಿದರು. ಅಲ್ಲಿನ ಜಲಮಂಡಳಿ ನೀರು ಮಾರಾಟದ ಶೇ 2ರಷ್ಟನ್ನು ಅದಕ್ಕೆ ಕೊಡುತ್ತದೆ, ಕಂಪನಿಗಳೂ ಸೇರಿಸುತ್ತವೆ, ಜಲಾನಯನದ ರಕ್ಷಣೆ ಅದರಿಂದ ನಡೆಯುತ್ತದೆ. ಕೈಗಾರಿಕಾ ಪ್ರದೇಶವೊಂದರ ಸಂಘ ಇದನ್ನೇ ಚಿಕ್ಕದಾಗಿ ಮಾಡಿಕೊಳ್ಳಬಹುದು.

ಅಳೆಯಿರಿ, ಎಲ್ಲರಿಗೂ ತಿಳಿಸಿ

ಕೆಲಸ ಶುರುವಾಗುವ ಮೊದಲೇ ನೀರಿನ ಮಾದರಿ ತೆಗೆಯಿಸಿ, ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ. ನೆಟ್ಟ ಸಸಿ, ಬಂದ ಸ್ವಯಂಸೇವಕರ ಲೆಕ್ಕ ನದಿಯ ಆರೋಗ್ಯ ಹೇಳುವುದಿಲ್ಲ. ಸ್ನಾನಕ್ಕೆ ಯೋಗ್ಯವೆನ್ನಲು ಲೀಟರಿಗೆ ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) 3 ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ ಇರಬೇಕು. ನಿಮ್ಮ ಹರಿವು ಅಲ್ಲಿಗೆ ತಲುಪಲು ಬಹಳ ವರ್ಷ ಬೇಕಾದೀತು, ಆದರೆ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದು ಗೊತ್ತಾಗುತ್ತದೆ. ಕೈಗಾರಿಕೆಯಿರುವ ಕಡೆ ಭಾರಲೋಹಗಳ ಪರೀಕ್ಷೆಯನ್ನೂ ಸೇರಿಸಿ. ಫಲಿತಾಂಶವನ್ನು ಕಂಪನಿಯ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ, ಕನ್ನಡದಲ್ಲಿ, ದಡದ ಫಲಕದಲ್ಲಿ ಬರೆಸಿ. ಅಂಕಿ ಒಮ್ಮೆಲೇ ಕೆಟ್ಟರೆ ಮೇಲ್ಭಾಗದಲ್ಲಿ ಯಾರೋ ಪೈಪು ತೆರೆದಿದ್ದಾರೆಂದು ಅರ್ಥ. ಮತ್ತೆ ಮಾದರಿ ತೆಗೆದು, ಜಾಗ ಗುರುತಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ. ಪೈಪು ನಿಮ್ಮದೇ ಸಂಘದ ಸದಸ್ಯರದಾಗಿದ್ದರೆ ದೂರು ಸಂಘದ ಲೆಟರ್‌ಹೆಡ್‌ನಲ್ಲೇ ಹೋಗಲಿ.