ನಕ್ಷತ್ರ ಇಳಿಸಿದ ಮೇಲೆ

ಡಿಸೆಂಬರ್ 27ರ ಬೆಳಿಗ್ಗೆ. ಕ್ರಿಸ್ಮಸ್‌ಗೆ ಬಂದಿದ್ದ ಅಕ್ಕನ ಮನೆಯವರು ಹಿಂದಿನ ರಾತ್ರಿಯೇ ಹೊರಟಿದ್ದರು. ಹಾಲ್‌ನಲ್ಲಿ ಜಾಸ್ತಿ ಹಾಕಿದ್ದ ಕುರ್ಚಿಗಳು ಹಾಗೇ ಇದ್ದವು. ಗುಡಿಸುವಾಗ ಸೋಫಾ ಕೆಳಗಿಂದ ಅಕ್ಕನ ಮಗನ ಒಂದು ಸಾಕ್ಸ್ ಬಂತು. ಒಂದೇ ಒಂದು. ಅದನ್ನು ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೇ ಕೂತು ಅತ್ತುಬಿಟ್ಟೆ.

ಅಳೋದಕ್ಕೆ ಕಾರಣವೇ ಇರಲಿಲ್ಲ. ಜಗಳ ಆಗಿರಲಿಲ್ಲ, ಯಾರಿಗೂ ಹುಷಾರು ತಪ್ಪಿರಲಿಲ್ಲ, ಹಬ್ಬ ಚೆನ್ನಾಗಿಯೇ ಆಗಿತ್ತು. ಆದರೂ ಮನೆ ಬಿಕೋ ಅನ್ನುತ್ತಿತ್ತು. ಇಷ್ಟು ದೊಡ್ಡವಳಾಗಿ ಹಬ್ಬ ಮುಗಿಯಿತು ಅಂತ ಅಳೋದಾ ಅಂತ ನಾಚಿಕೆ ಬೇರೆ.

ಆ ವರ್ಷ ನಾನು ಮಾಡಿದ್ದೆಲ್ಲ ಉಲ್ಟಾ. ಕಣ್ಣೆದುರು ಇಲ್ಲದಿದ್ದರೆ ನೆನಪೂ ಆಗೋದಿಲ್ಲ ಅಂದುಕೊಂಡು ಅವತ್ತೇ ಟ್ರೀ ಬಿಚ್ಚಿದೆ. ನಕ್ಷತ್ರ, ಸೀರಿಯಲ್ ಸೆಟ್, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳ) ಕುರಿಗಳು, ಎಲ್ಲ ಒಂದೇ ಡಬ್ಬಕ್ಕೆ ತುರುಕಿ ಅಟ್ಟಕ್ಕೆ ಹಾಕಿದೆ. ಟ್ರೀ ಇದ್ದ ಮೂಲೆಯಲ್ಲಿ ಧೂಳಿನ ಒಂದು ಉಂಗುರ ಉಳಿಯಿತು. ಹಬ್ಬಕ್ಕಿಂತ ಆ ಉಂಗುರವೇ ಜಾಸ್ತಿ ಕಾಡಿತು. ಸಾಲದ್ದಕ್ಕೆ ಜನವರಿ 1ಕ್ಕೆ ಐದು ಸಂಕಲ್ಪ. ಐದನೇ ತಾರೀಕಿಗೆ ಒಂದೂ ಉಳಿದಿರಲಿಲ್ಲ.

ಆಮೇಲೆ ಓದುತ್ತಾ ಒಂದು ವಿಷಯ ಸಿಕ್ಕಿತು. ವೋಲ್ಫ್ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಅವುಗಳ ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಬಿಡುವ ಕೋಶಗಳನ್ನು ಗಮನಿಸುತ್ತಿದ್ದರು. ಮೊದಮೊದಲು ರಸ ಸಿಕ್ಕಾಗ ಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮುಂಚೆ ಒಂದು ಸೂಚನೆ ಬರುತ್ತದೆ ಅಂತ ಕೋತಿಗೆ ಗೊತ್ತಾದ ಮೇಲೆ ಆ ಚುರುಕು ಸೂಚನೆಗೇ ಹೋಯಿತು. ರಸ ಬಂದಾಗ ಏನೂ ವಿಶೇಷ ಇಲ್ಲ. ಕೋತಿ ಬೇರೆ, ನಾನು ಬೇರೆ ಅನ್ನೋದು ನಿಜ. ಆದರೂ ಓದಿದ ಕೂಡಲೇ ನನ್ನ ಡಿಸೆಂಬರ್ ನೆನಪಾಯಿತು. ಪಟ್ಟಿ ಬರೆಯೋದು, ಉಡುಗೊರೆಗೆ ಕಾಗದ ಸುತ್ತೋದು, ಅಕ್ಕ ಎಷ್ಟು ಗಂಟೆಗೆ ಬರ್ತಾಳೆ ಅಂತ ಕೇಳೋದು. ಖುಷಿಯ ಮುಕ್ಕಾಲು ಪಾಲು ಕಾಯೋದರಲ್ಲೇ ಇತ್ತು. 25ನೇ ತಾರೀಕು ಕಳೆದ ಮೇಲೆ ಕಾಯೋದಕ್ಕೇ ಏನೂ ಇರಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ಸುಮಾರು 1,500 ಜನರನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಹತ್ತಿರ ಹತ್ತಿರ ಇದನ್ನೇ ಹೇಳಿತ್ತು: ರಜೆಗೆ ಹೋಗುವವರ ಖುಷಿ ಹೋಗುವ ಮುಂಚೆ ಜಾಸ್ತಿ, ಬಂದ ಮೇಲೆ ಹೆಚ್ಚಿನವರು ಮಾಮೂಲಿ.

ಇದರ ನಡುವೆ ಇನ್ನೊಂದು ಮಾತು. ಜನವರಿಯ ಮೂರನೇ ಸೋಮವಾರ ವರ್ಷದ ಅತಿ ಬೇಸರದ ದಿನ ಅಂತ ಪ್ರತಿ ಸಲ ಸುದ್ದಿ ಬರುತ್ತದೆ, ಅಲ್ವಾ? ಅದು 2005ರಲ್ಲಿ ಪ್ರವಾಸದ ಜಾಹೀರಾತಿಗೆ ಅಂತ ಹುಟ್ಟಿದ್ದು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಮುಂದಿನ ವರ್ಷ ಹಬ್ಬವನ್ನು ಎಳೆದೆ. ಹೊಸದೇನಲ್ಲ, ಹಳೆಯ ಲೆಕ್ಕವೇ ಹಾಗೆ. ಚರ್ಚಿನ ಕ್ಯಾಲೆಂಡರಿನಲ್ಲಿ 25ಕ್ಕೆ ಮುಂಚಿನ ವಾರಗಳು ಕಾಯುವ ಕಾಲ. ಕ್ರಿಸ್ಮಸ್ ಶುರುವಾಗೋದೇ 25ಕ್ಕೆ, ಅಲ್ಲಿಂದ ಹನ್ನೆರಡು ದಿನ. ಜನವರಿ 6ಕ್ಕೆ ಮೂವರು ಜ್ಞಾನಿಗಳು ಕೂಸು ಯೇಸುವನ್ನು ನೋಡಲು ಬಂದ ಹಬ್ಬ. ನಾವು ಕಾಯುವ ಕಾಲದಲ್ಲೇ ಎಲ್ಲ ಆಚರಿಸಿ ಮುಗಿಸಿ, ನಿಜವಾದ ಹಬ್ಬದ ದಿನಗಳಲ್ಲಿ ಸುಸ್ತಾಗಿ ಬಿದ್ದುಕೊಂಡಿರುತ್ತೇವೆ.

ಹಾಗಾಗಿ ಗೆಳತಿಯರ ಜೊತೆ ಸೇರೋದನ್ನು ಡಿಸೆಂಬರಿನಿಂದ ಜನವರಿಯ ಎರಡನೇ ಶನಿವಾರಕ್ಕೆ ತಳ್ಳಿದೆ. ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಎಲ್ಲರೂ "ಅಬ್ಬಾ, ಒಳ್ಳೇದಾಯ್ತು" ಅಂದರು. ಅಲಂಕಾರವನ್ನೂ ಒಂದೇ ಸಲ ಕಿತ್ತು ಹಾಕಲಿಲ್ಲ. ದಿನಕ್ಕೊಂದಿಷ್ಟು ಇಳಿಸಿದೆ. ಗೋದಲಿಯ ಮೂವರು ಜ್ಞಾನಿಗಳನ್ನು ಮಾತ್ರ ಪುಸ್ತಕದ ಕಪಾಟಿನ ಮೇಲೆ ದೂರ ಇಟ್ಟು, ದಿನವೂ ಒಂದು ಗೇಣು ಗೋದಲಿಯ ಕಡೆ ಸರಿಸಿದೆ. ಮಕ್ಕಳಾಟ ಅನ್ನಿ ಪರವಾಗಿಲ್ಲ. ಬೆಳಿಗ್ಗೆ ಎದ್ದು ಮಾಡೋದಕ್ಕೆ ಒಂದು ಸಣ್ಣ ಕೆಲಸ ಇತ್ತು. ದೀಪಗಳನ್ನು ಕೊನೆಗೆ ತೆಗೆದೆ, 6ರ ರಾತ್ರಿ.

ನಿದ್ದೆಯನ್ನೂ ಸರಿ ಮಾಡಿಕೊಂಡೆ. ರಜೆಯಲ್ಲಿ ರಾತ್ರಿ ಒಂದು ಗಂಟೆ, ಬೆಳಿಗ್ಗೆ ಒಂಬತ್ತು ಆಗಿಹೋಗಿತ್ತು. ಏಳುವ ಹೊತ್ತನ್ನು ಮೊದಲು ಹಳೆಯ ಸಮಯಕ್ಕೆ ತಂದೆ, ಎದ್ದ ಕೂಡಲೇ ಬಿಸಿಲಿಗೆ ಹೋಗಿ ಅರ್ಧ ಗಂಟೆ ನಡೆದೆ. ಮಲಗುವ ಹೊತ್ತು ತಾನಾಗಿಯೇ ಹಿಂದಕ್ಕೆ ಬಂತು. ಸಂಕಲ್ಪ ಅಂತ ಯಾವುದನ್ನೂ ಮಾಡಲಿಲ್ಲ.

ಅಕ್ಕನಿಗೂ ಫೋನ್ ಮಾಡಿ ಹೇಳಿಬಿಟ್ಟೆ. "ಅಕ್ಕ, ನೀವು ಹೋದ ಮೇಲೆ ನಂಗೆ ತುಂಬಾ ಬೇಜಾರು."

"ನಂಗೂ ಅಷ್ಟೇ ಕಣೇ. ದಾರಿ ಪೂರ್ತಿ ಮಾತಾಡಲಿಲ್ಲ ಅಂತ ನಿಮ್ಮ ಭಾವ ಬೈದ್ರು."

ಇಷ್ಟು ವರ್ಷ ಇಬ್ಬರೂ ಬೇರೆ ಬೇರೆ ಮನೆಯಲ್ಲಿ ಕೂತು ಅದನ್ನೇ ಅನುಭವಿಸುತ್ತಿದ್ದೆವು.

ಎಲ್ಲ ವರ್ಷವೂ ಇದು ನಡೆಯಲಿಲ್ಲ. ಅಪ್ಪ ಹೋದ ಮೇಲಿನ ಮೊದಲ ಕ್ರಿಸ್ಮಸ್‌ನಲ್ಲಿ ಜ್ಞಾನಿಗಳನ್ನು ಎಷ್ಟು ಸರಿಸಿದರೂ ಪ್ರಯೋಜನ ಆಗಲಿಲ್ಲ. ಎರಡು ವಾರ ದಾಟಿದರೂ ಊಟ ಸೇರಲಿಲ್ಲ, ಕೆಲಸಕ್ಕೆ ಕೂತರೆ ಕೈ ಓಡಲಿಲ್ಲ. ಇದು ಹಬ್ಬ ಮುಗಿದ ಬೇಸರ ಅಲ್ಲ ಅಂತ ಗೊತ್ತಾಯಿತು. ಕೌನ್ಸೆಲರ್ ಹತ್ತಿರ ಹೋದೆ. ಮೂರು ತಿಂಗಳು ಹೋದೆ. ಎರಡು ವಾರ ಅನ್ನೋದನ್ನು ಅವತ್ತಿನಿಂದ ನನ್ನ ಗಡುವಾಗಿ ಇಟ್ಟುಕೊಂಡಿದ್ದೇನೆ.

ಕೊನೆಯದು ಚೀಟಿ. ಡಬ್ಬ ಮುಚ್ಚುವ ಮುಂಚೆ ಮುಂದಿನ ವರ್ಷದ ನನಗೆ ಒಂದು ಚೀಟಿ ಬರೆದು ಮೇಲೆ ಇಡುತ್ತೇನೆ. ಹಿಂದಿನ ಸಲದ್ದು ಹೀಗಿತ್ತು: "ಹಸಿರು ಸೀರಿಯಲ್ ಸೆಟ್ ಅರ್ಧ ಉರಿಯುತ್ತಿಲ್ಲ. ಕುರಿಯ ಕಿವಿ ಮುರಿದಿದೆ, ಅಂಟಿಸು. 27ಕ್ಕೆ ಅಳು ಬರುತ್ತದೆ, ಜನವರಿ 9 ಅಥವಾ 10ರ ಹೊತ್ತಿಗೆ ಹೋಗುತ್ತದೆ."

ಈ ಸಲ ಡಬ್ಬ ತೆಗೆದದ್ದು ಅಕ್ಕನ ಮಗ. ಚೀಟಿ ಅವನ ಕೈಗೇ ಸಿಕ್ಕಿತು. ಜೋರಾಗಿ ಓದಿ, "ಚಿಕ್ಕಮ್ಮ, 27ಕ್ಕೆ ಯಾಕೆ ಅಳ್ತೀಯಾ?" ಅಂದ.

"ನಿನ್ನ ಸಾಕ್ಸ್ ವಾಸನೆಗೆ ಕಣೋ" ಅಂದೆ.